ಕಂಠಪಾಠವೂ ಓದೂ: ಕಲಿಕೆಯಲ್ಲಿ ಹಿಂದುಳಿಯುವ ಮಗುವನ್ನು ಗುರುತಿಸುವ ಬಗೆ

ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ಕರ್ನಾಟಕದ ವಿದ್ಯಾಭ್ಯಾಸದ ಇತಿಹಾಸದಲ್ಲಿ ಗಣ್ಯವಾದ ಸ್ಥಾನವಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ ೧೧೬೨ರ ಶಾಸನವು ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಅಧ್ಯಯನವನ್ನು ವಿಸ್ತಾರವಾಗಿ ಎಣಿಸುತ್ತದೆ. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ೭ ಮತ್ತು ೮ನೆಯ ಸಂಪುಟಗಳಲ್ಲಿ (೧೯೦೨, ೧೯೦೪) ಪ್ರಕಟಿಸಿದ ಬಿ. ಎಲ್. ರೈಸರೇ, ೧೮೬೮ರಲ್ಲಿ ಮೈಸೂರು ಸಂಸ್ಥಾನದ ಹೋಬಳಿಗೊಂದು ಶಾಲೆ ಬೇಕೆಂಬ ಯೋಜನೆಯನ್ನು ರೂಪಿಸಿದವರೆಂಬುದು ಸ್ಮರಣೀಯ. ಶಾಸನವಾಗಲಿ ಶಾಲೆಯ ದಾಖಲೆ ಪುಸ್ತಕವಾಗಲಿ ಏನನ್ನು ಕಲಿಸಲಾಯಿತು, ಎಷ್ಟು ಮಂದಿ ಬಂದರು ಎಂಬುದನ್ನು ಹೇಳಬಲ್ಲವು. ಯಾವ ಮಗು ಎಲ್ಲಿ ತಡೆದು ನಿಂತಿತೆಂಬುದನ್ನು ಅವು ಹೇಳಲಾರವು. ಅದನ್ನು ತಿಳಿಯುವ ಬಗೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಈ ಪ್ರಶ್ನೆ ಹೊಸದಲ್ಲ. ೧೮೨೩ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ಲನು ತನ್ನ ಜಿಲ್ಲೆಯ ೫೩೩ ಶಾಲೆಗಳ ವಿಷಯವಾಗಿ ವರದಿಯೊಂದನ್ನು ಬರೆದನು. ಮಕ್ಕಳು ಅಸಂಖ್ಯ ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರೂ ಅರ್ಥದ ಮಟ್ಟಿಗೆ ಗಿಳಿಗಳಂತಿದ್ದರೆಂಬುದೂ, ಪದ್ಯಗಳ ಭಾಷೆಗೂ ಆಡುಮಾತಿಗೂ ಬಹಳ ಅಂತರವಿದ್ದುದೇ ಇದಕ್ಕೆ ಕಾರಣವೆಂಬುದೂ ಅವನ ಅಭಿಪ್ರಾಯ. ಅವನು ಪರಕೀಯ ಅಧಿಕಾರಿಯೆಂಬುದನ್ನು ಮರೆಯಬೇಕಾಗಿಲ್ಲ. ಆದರೂ ಕಂಠಪಾಠವು ಕಲಿಕೆಯ ಕೊರತೆಯನ್ನು ಮರೆಮಾಡಬಲ್ಲದೆಂಬ ಅವನ ಮಾತು ಇಂದಿಗೂ ಪರಿಶೀಲನಾರ್ಹವಾಗಿದೆ.

ಹಿಂದುಳಿದ ಮಗು ಸಾಮಾನ್ಯವಾಗಿ ತರಗತಿಯಲ್ಲಿ ಎದ್ದು ಕಾಣುವುದಿಲ್ಲ. ಅದು ಇತರರೊಡನೆ ದನಿಗೂಡಿಸುತ್ತದೆ. ಹಲಗೆಯ ಮೇಲಿನದನ್ನು ದುಂಡಾಗಿ ನಕಲು ಮಾಡುತ್ತದೆ. ಪಾಠದ ಮೊದಲ ಸಾಲನ್ನು ಕೊಟ್ಟರೆ ಉಳಿದುದನ್ನು ನೆನಪಿನಿಂದ ಹೇಳುತ್ತದೆ. ಆದುದರಿಂದ ಪರೀಕ್ಷೆಯು ಒಬ್ಬೊಬ್ಬ ಮಗುವಿಗೂ ಪ್ರತ್ಯೇಕವಾಗಿ, ಅದು ಹಿಂದೆ ಕಾಣದ ಬರಹದಿಂದ ನಡೆಯಬೇಕು. ‘ಕ, ಕಾ, ಕಿ, ಕೀ’ ಎಂದು ಕಾಗುಣಿತವನ್ನು ಸರಾಗವಾಗಿ ಹೇಳುವ ಮಗುವಿಗೆ ‘ಕೌ’ ಎಂಬುದೊಂದನ್ನೇ ಬರೆದು ತೋರಿಸಿದಾಗ, ಅದು ಮೊದಲಿನಿಂದ ಎಣಿಸುತ್ತ ಬಂದರೆ, ತಿಳಿದಿರುವುದು ಸರಣಿಯೇ ಹೊರತು ಅಕ್ಷರವಲ್ಲ. ಬಿಡಿಬಿಡಿಯಾಗಿ ಅಕ್ಷರಗಳನ್ನು ಉಚ್ಚರಿಸಿದರೂ ಅವು ಕೂಡಿ ಯಾವ ಪದವಾಯಿತೆಂದು ಹೇಳಲಾರದಿರುವುದು ಎರಡನೆಯ ಲಕ್ಷಣ. ವಾಕ್ಯವನ್ನು ಓದಿ ಮುಗಿಸಿದ ಮೇಲೆ ಅದರಲ್ಲಿ ಯಾರು ಏನು ಮಾಡಿದರೆಂದು ತನ್ನ ಮಾತಿನಲ್ಲಿ ಹೇಳಲಾಗದಿರುವುದು ಮೂರನೆಯದು.

ಲೆಕ್ಕದಲ್ಲಿಯೂ ಹೀಗೆಯೇ. ನೂರರವರೆಗೆ ಎಣಿಸಬಲ್ಲ ಮಗು ‘ನೂರಐದು’ ಎಂಬುದನ್ನು ೧೦೦೫ ಎಂದು ಬರೆದರೆ ಸ್ಥಾನಬೆಲೆ ತಿಳಿದಿಲ್ಲವೆಂದರ್ಥ. ೫೨ರಲ್ಲಿ ೨೮ನ್ನು ಕಳೆದು ೩೬ ಎಂದರೆ, ಅದು ಅಜಾಗರೂಕತೆಯಲ್ಲ. ಪ್ರತಿ ಸ್ಥಾನದಲ್ಲಿಯೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ತಪ್ಪು ನಿಯಮವೊಂದನ್ನು ಮಗು ನಿಷ್ಠೆಯಿಂದ ಪಾಲಿಸುತ್ತಿದೆ. ಉತ್ತರ ತಪ್ಪೆಂದು ಗೆರೆ ಎಳೆಯುವುದಕ್ಕಿಂತ ‘ಹೇಗೆ ಮಾಡಿದೆ?’ ಎಂದು ಕೇಳುವುದರಿಂದ ಹೆಚ್ಚು ತಿಳಿಯುತ್ತದೆ.

ಆದರೆ ಪ್ರತಿಯೊಂದು ವಿಳಂಬವೂ ಹಿನ್ನಡೆಯಲ್ಲ. ಕನ್ನಡ ಓದಿನ ಕಲಿಕೆಯನ್ನು ಕುರಿತು ಸೋನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಕನ್ನಡದ ಅಕ್ಷರಸಂಪತ್ತೆಲ್ಲವೂ ಕರಗತವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಹಿಡಿಯುತ್ತವೆಂದು ತಿಳಿದುಬರುತ್ತದೆ. ಎರಡನೆಯ ತರಗತಿಯ ಮಗು ಒತ್ತಕ್ಷರಗಳಲ್ಲಿ ಎಡವಿದರೆ ಗಾಬರಿಪಡಬೇಕಾಗಿಲ್ಲ. ಮೂರನೆಯ ತರಗತಿಯಲ್ಲಿಯೂ ಸರಳ ಪದಗಳನ್ನು ಓದಲಾರದಿದ್ದರೆ ಕೂಡಲೇ ಗಮನಿಸಬೇಕು. ಶಿಕಾರಿಪುರದ ತಾಂಡಾಗಳಲ್ಲಿ ಮನೆಯ ಮಾತು ಲಂಬಾಣಿ. ಎಷ್ಟೋ ಮನೆಗಳಲ್ಲಿ ಉರ್ದು. ಇಂತಹ ಮಗುವಿಗೆ ಕಥೆಯ ಅರ್ಥ ಅದರ ಮನೆಮಾತಿನಲ್ಲಿ ತಿಳಿಯುವುದೇ ಎಂದು ನೋಡದೆ ಮಂದಬುದ್ಧಿಯೆಂದು ನಿರ್ಣಯಿಸುವುದು ಅನ್ಯಾಯ. ದೃಷ್ಟಿ, ಶ್ರವಣಗಳ ದೋಷವನ್ನೂ, ಹೆತ್ತವರೊಡನೆ ಕೂಲಿಗೆ ವಲಸೆ ಹೋಗಿ ತಪ್ಪಿದ ದಿನಗಳನ್ನೂ ಮೊದಲು ವಿಚಾರಿಸತಕ್ಕದ್ದು.

೨೦೦೫ರಿಂದ ಪ್ರಥಮ್ ಸಂಸ್ಥೆಯ ನೇತೃತ್ವದಲ್ಲಿ ನಡೆದುಬಂದ ‘ಅಸರ್’ ಸಮೀಕ್ಷೆಯು ಮನೆಮನೆಗೆ ಹೋಗಿ ಅಕ್ಷರ, ಪದ, ಒಂದನೆಯ ತರಗತಿಯ ಪರಿಚ್ಛೇದ, ಎರಡನೆಯ ತರಗತಿಯ ಕಥೆ ಎಂಬ ಮೆಟ್ಟಿಲುಗಳಲ್ಲಿ ಮಗು ಎಲ್ಲಿ ನಿಲ್ಲುವುದೆಂದು ನೋಡುತ್ತದೆ. ಗ್ರಾಮೀಣ ಭಾರತದಲ್ಲಿ ಎರಡನೆಯ ತರಗತಿಯ ಕಥೆಯನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳು ೨೦೧೮ರಲ್ಲಿ ಶೇಕಡ ೨೭.೩, ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ ಅವಧಿಯ ನಂತರ ೨೦೨೨ರಲ್ಲಿ ೨೦.೫, ೨೦೨೪ರಲ್ಲಿ ೨೭.೧. ಅದೇ ೨೦೨೨ರಲ್ಲಿ ೬ರಿಂದ ೧೪ ವರ್ಷದ ಮಕ್ಕಳಲ್ಲಿ ಶೇಕಡ ೯೮.೪ ಮಂದಿ ಶಾಲೆಗೆ ದಾಖಲಾಗಿದ್ದರು. ಹಾಜರಿಗೂ ಕಲಿಕೆಗೂ ನಡುವಿನ ಅಂತರ ಇದಕ್ಕಿಂತ ಸ್ಪಷ್ಟವಾಗಲಾರದು.

ಗುರುತಿಸಿದ ಮೇಲೆ ಮಗುವನ್ನು ಅದು ನಿಂತ ಮೆಟ್ಟಿಲಿನಿಂದಲೇ ಮುಂದುವರಿಸಬೇಕು. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ ಕಲಿ’ಯ ತತ್ತ್ವವೂ ಇದೇ. ಐದನೆಯ ತರಗತಿಯವರೆಗೆ ಕಾದರೆ ಚರಿತ್ರೆ, ವಿಜ್ಞಾನಗಳ ಪುಸ್ತಕಗಳೆಲ್ಲವೂ ಆ ಮಗುವಿಗೆ ಮುಚ್ಚಿಹೋಗಿರುತ್ತವೆ. ‘ದಡ್ಡ’ನೆಂಬ ಹೆಸರನ್ನು ಅದು ತಾನೇ ನಂಬಿರುತ್ತದೆ. ಮುಂದೆ ಶಿಕ್ಷಕರಾಗಲಿರುವ ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ನಾಲ್ಕಾರು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಕಾಣದ ಪುಟವೊಂದನ್ನು ಓದಿಸಿ ನೋಡಲಿ. ಬಳ್ಳಿಗಾವೆಯ ಶಾಸನವನ್ನು ಓದುವಷ್ಟೇ ಎಚ್ಚರದಿಂದ ಆ ಓದನ್ನೂ ಆಲಿಸುವುದು ನಮ್ಮ ಕರ್ತವ್ಯವಾಗಿದೆ.