ಗಾಜಿನ ಸೂರಿನಡಿ ಬೆಳೆದ ಪ್ಯಾರಿಸ್ ಪೇಟೆ

ಹತ್ತೊಂಬತ್ತನೇ ಶತಮಾನ ಕಣ್ಣು ಬಿಡುವ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಅಂಗಡಿ ನೋಡುತ್ತ ಅಡ್ಡಾಡುವುದು ಸುಖದ ಕೆಲಸವಾಗಿರಲಿಲ್ಲ. ಬಹುತೇಕ ಬೀದಿಗಳಿಗೆ ಫುಟ್‌ಪಾತ್ ಇರಲಿಲ್ಲ. ನಡುಬೀದಿಯಲ್ಲೇ ಚರಂಡಿ, ಮಳೆ ಬಂದರೆ ಕೆಸರು, ಸಾಲದ್ದಕ್ಕೆ ಕುದುರೆಗಾಡಿಗಳ ಧಾವಂತ.

ಗಿರಾಕಿಗಳನ್ನು ಇದರಿಂದ ಪಾರುಮಾಡಿದ್ದು ‘ಪಸಾಜ್’ ಎಂಬ ಉಪಾಯ. ಎರಡು ಬೀದಿಗಳನ್ನು ಕೂಡಿಸುವ ಓಣಿಗೆ ಗಾಜಿನ ಮಾಡು ಹೊದಿಸಿ, ಇಕ್ಕೆಲದಲ್ಲೂ ಅಂಗಡಿಗಳ ಸಾಲು ಕಟ್ಟಿದರು. ಮಳೆಯ ಭಯವಿಲ್ಲ, ಬೆಳಕಿಗೆ ಕೊರತೆಯಿಲ್ಲ. 1800ರಲ್ಲಿ ತೆರೆದ ಪಸಾಜ್ ದೆ ಪನೋರಮಾದಲ್ಲಿ ಇಂದಿಗೂ ಹಳೆಯ ಅಂಚೆಚೀಟಿ ಮಾರುವವರಿದ್ದಾರೆ. ಅಲ್ಲಿಂದ ಸ್ವಲ್ಪ ದೂರದ ಗ್ಯಾಲರಿ ವಿವಿಯೆನ್‌ನ ಮೊಸಾಯಿಕ್ ನೆಲ ಕಂಡವರು ಅಂಗಡಿಯನ್ನೇ ಮರೆತು ನಿಲ್ಲುತ್ತಾರೆ. 1828ರ ಪಸಾಜ್ ಬ್ರಾಡಿಗೆ ಕಾಲಿಟ್ಟರೆ ಮಸಾಲೆಯ ಘಮ: ಭಾರತ, ಪಾಕಿಸ್ತಾನಗಳ ಅಡುಗೆ ಬಡಿಸುವ ಹೋಟೆಲುಗಳಿಗೆ ಹೆಸರಾದ ಓಣಿಯದು.

ಓಣಿಗಳ ಈ ವೈಭವಕ್ಕೆ ಪೆಟ್ಟು ಕೊಟ್ಟದ್ದು ಡಿಪಾರ್ಟ್‌ಮೆಂಟ್ ಸ್ಟೋರ್. 1852ರಲ್ಲಿ ಲ ಬೊನ್ ಮಾರ್ಷೆ ಅಂಗಡಿಗೆ ಪಾಲುದಾರನಾಗಿ ಬಂದ ಅರಿಸ್ತಿದ್ ಬೂಸಿಕೊ ವ್ಯಾಪಾರದ ರೀತಿಯನ್ನೇ ಬದಲಿಸಿದ. ಅದುವರೆಗೆ ಅಂಗಡಿ ಹೊಕ್ಕವರು ಏನಾದರೂ ಕೊಳ್ಳಲೇಬೇಕೆಂಬ ಮುಜುಗರವಿತ್ತು. ಬೆಲೆ ಗಿರಾಕಿಯ ಮುಖ ನೋಡಿ ಏರಿಳಿಯುತ್ತಿತ್ತು. ಬೂಸಿಕೊ ಬೆಲೆಯನ್ನು ಸರಕಿನ ಮೇಲೆಯೇ ಬರೆಸಿದ. ಸುಮ್ಮನೆ ನೋಡಿ ಹೋಗಲು, ಕೊಂಡದ್ದನ್ನು ಹಿಂದಿರುಗಿಸಲು ಅವಕಾಶ ಕೊಟ್ಟ. ಲಾಭದ ಅಂಶ ಕಡಿಮೆ, ಮಾರಾಟ ಹೆಚ್ಚು ಎಂಬುದು ಅವನ ಲೆಕ್ಕ. ಎಮಿಲ್ ಜೋಲಾ 1883ರಲ್ಲಿ ಇಂಥ ದೊಡ್ಡ ಅಂಗಡಿಯನ್ನೇ ಕೇಂದ್ರವಾಗಿಸಿ ಕಾದಂಬರಿ ಬರೆದ. ಬುಲವಾರ್ ಹೌಸ್ಮಾನ್ ಬೀದಿಯಲ್ಲಿ ಪ್ರಾಂತಾಂ, ಗ್ಯಾಲರಿ ಲಫಾಯೆತ್ ಎಂಬ ದೊಡ್ಡ ಅಂಗಡಿಗಳು ತಲೆಯೆತ್ತಿದವು. ಲಫಾಯೆತ್‌ನ ಬಣ್ಣದ ಗಾಜಿನ ಗುಮ್ಮಟ 1912ರದು.

ಊರಿನ ಹೊಟ್ಟೆ ತುಂಬಿಸುತ್ತಿದ್ದ ಮಾರುಕಟ್ಟೆಯ ಕಥೆ ಮಾತ್ರ ನೋವಿನದು. ನಗರದ ನಟ್ಟನಡುವೆ ಶತಮಾನಗಳಿಂದ ನಡೆದುಬಂದ ‘ಲೇ ಆಲ್’ ಸಗಟು ಮಾರುಕಟ್ಟೆಗೆ ವಾಸ್ತುಶಿಲ್ಪಿ ವಿಕ್ಟರ್ ಬಲ್ತಾರ್ ಕಬ್ಬಿಣ, ಗಾಜಿನ ಮಂಟಪಗಳನ್ನು ರೂಪಿಸಿದ್ದ. ವಾಹನದಟ್ಟಣೆ, ಜಾಗದ ಅಭಾವ ಮಿತಿಮೀರಿದಾಗ 1969ರಲ್ಲಿ ವಹಿವಾಟು ಊರಾಚೆಯ ರಾಂಜಿಸ್‌ಗೆ ಹೋಯಿತು. ಜನರ ವಿರೋಧ ಲೆಕ್ಕಿಸದೆ 1971ರಿಂದ ಮಂಟಪಗಳನ್ನು ಕೆಡವಲಾಯಿತು. ಉಳಿದ ಒಂದನ್ನು ನೊಜಾಂ-ಸುರ್-ಮಾರ್ನ್ ಪಟ್ಟಣದಲ್ಲಿ ಮರುಜೋಡಿಸಿದ್ದಾರೆ. ಹಳೆಯ ಜಾಗದಲ್ಲಿ 1979ರಲ್ಲಿ ನೆಲದಡಿಯ ಮಾಲ್ ಬಂತು. ಬಲ್ತಾರ್‌ನ ಆ ಮಂಟಪಗಳನ್ನು ಉಳಿಸಿಕೊಳ್ಳಬೇಕಿತ್ತು.

ಸಂತೆಗಳು ಮಾತ್ರ ಸೋತಿಲ್ಲ. 1615ರಲ್ಲಿ ಶುರುವಾದ ಮಾರ್ಷೆ ದೆಜ್ ಆಂಫಾ ರೂಜ್ ಈಗ ತರಕಾರಿಯ ಜೊತೆಗೆ ಬಿಸಿ ಊಟಕ್ಕೂ ಹೆಸರುವಾಸಿ. ಅಲಿಗ್ರ್ ಸಂತೆಯಲ್ಲಿ ಸೋಮವಾರ ಬಿಟ್ಟು ಉಳಿದ ದಿನ ಬೆಳಗಿನಿಂದಲೇ ಹಣ್ಣು, ತರಕಾರಿ ಮಾರುವವರ ಕೂಗು. ನಗರದ ಉತ್ತರದಂಚಿನ ಸೇಂತ್-ಉವಾನ್‌ನ ಹಳೆಸಾಮಾನು ಸಂತೆಯಲ್ಲಂತೂ ಬೂಸಿಕೊನ ನಿಯಮ ನಡೆಯದು: ಹಳೆಯ ಕನ್ನಡಿಗೋ ಕುರ್ಚಿಗೋ ಹೇಳಿದ ಬೆಲೆ ಮಾತಿನ ಆರಂಭವಷ್ಟೇ, ಚೌಕಾಶಿ ಮಾಡಿದರೆ ಯಾರೂ ಬೇಸರಿಸುವುದಿಲ್ಲ.