ಆಪ್ತ ಸಮಾಲೋಚಕರ ತರಬೇತಿಯ ಮೂಲ ಮೌಲ್ಯಗಳು: ಸದಸ್ಯರ ಅವಗಾಹನೆಗೆ

ದಾಂಪತ್ಯ ಕಲಹ, ಮದ್ಯವ್ಯಸನ, ಸಾಲದ ಒತ್ತಡ, ಆತ್ಮಹತ್ಯೆ ಯತ್ನ ಮುಂತಾದ ಸಂದರ್ಭಗಳಲ್ಲಿ ಗ್ರಾಮಸ್ಥರು ಮೊದಲು ಬರುವುದು ವಾರ್ಡಿನ ಸದಸ್ಯರ ಬಳಿಗೆ. ನಾಲ್ವರು ಹಿರಿಯರನ್ನು ಕೂರಿಸಿ, ಇಬ್ಬರಿಗೂ ಬುದ್ಧಿ ಹೇಳಿ, ರಾಜಿ ಮಾಡಿಸಿ ಕಳುಹಿಸುವುದು ರೂಢಿ. ಆಪ್ತ ಸಮಾಲೋಚನೆಯೂ ಇದೇ ಎಂದು ಅನೇಕರು ಭಾವಿಸಿರುತ್ತಾರೆ. ಆದರೆ ಸಮಾಲೋಚಕರ ತರಬೇತಿಯು ಬಹುಮಟ್ಟಿಗೆ ಈ ರೂಢಿಯನ್ನು ಬಿಡಿಸುವುದರಿಂದಲೇ ಆರಂಭವಾಗುತ್ತದೆ.

ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1957ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ ಮೂರು ಗುಣಗಳನ್ನು ಇಂದಿಗೂ ಈ ತರಬೇತಿಯಲ್ಲಿ ಕಲಿಸಲಾಗುತ್ತದೆ: ಎದುರಿನವರ ಸ್ಥಾನದಲ್ಲಿ ನಿಂತು ಅವರ ನೋವನ್ನು ಅರಿಯುವುದು, ಷರತ್ತಿಲ್ಲದ ಗೌರವ ಮತ್ತು ಒಳಗೊಂದು ಹೊರಗೊಂದು ಇಲ್ಲದ ನಡವಳಿಕೆ. ಕುಡಿತಕ್ಕೆ ದಾಸನಾದವನು ಎದುರು ಕುಳಿತಾಗಲೂ ಅವನನ್ನು ಹೀಗಳೆಯದೆ ಆಲಿಸುವುದು ಸುಲಭವಲ್ಲ. ಉಪದೇಶ ಮಾಡದೆ ಸುಮ್ಮನಿರುವುದು ಇನ್ನೂ ಕಷ್ಟ. ನಿರ್ಧಾರವು ಸಂಬಂಧಪಟ್ಟ ವ್ಯಕ್ತಿಯದೇ ಆಗಿರಬೇಕು ಎಂಬ ಸ್ವಾಯತ್ತತೆಯ ತತ್ತ್ವ ಇದರ ಹಿಂದಿದೆ.

ನಿಷ್ಪಕ್ಷಪಾತತೆಯು ಎರಡನೆಯ ಮುಖ್ಯ ಮೌಲ್ಯ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರಡಿ ರೂಪಿಸಲಾದ 2006ರ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ವಿವಾದದಲ್ಲಿ ಹಿತಾಸಕ್ತಿ ಉಳ್ಳವರು ಅಥವಾ ಪಕ್ಷಗಾರರ ಸಂಬಂಧಿಕರು, ಎಲ್ಲಾ ಪಕ್ಷಗಾರರೂ ಲಿಖಿತವಾಗಿ ಒಪ್ಪಿದ ಹೊರತು, ಸಮಾಲೋಚಕರಾಗುವಂತಿಲ್ಲ. ದೌರ್ಜನ್ಯವನ್ನು ಸಮರ್ಥಿಸಿಕೊಳ್ಳಲು ಎದುರುದಾರನಿಗೆ ಸಮಾಲೋಚನೆಯಲ್ಲಿ ಅವಕಾಶವಿಲ್ಲ. ಈ ವಿಷಯವನ್ನು ಅವನಿಗೆ ಮೊದಲೇ ತಿಳಿಸತಕ್ಕದ್ದು. "ಅಡುಗೆ ತಡವಾಯಿತು, ಅದಕ್ಕೆ ಕೈ ಮಾಡಿದೆ" ಎಂಬ ಮಾತಿನಿಂದಲೇ ನಮ್ಮ ಅನೇಕ ಪಂಚಾಯಿತಿಗಳು ಶುರುವಾಗುತ್ತವೆ ಎಂಬುದನ್ನು ಇಲ್ಲಿ ನೆನೆಯಬಹುದು. ರಾಜಿಯ ಪ್ರಯತ್ನವೂ ನೊಂದ ಮಹಿಳೆಯ ಇಚ್ಛೆಯಿದ್ದಲ್ಲಿ ಮಾತ್ರ.

ಸದಸ್ಯರಿಗೂ ಸಮಾಲೋಚಕರಿಗೂ ಹೆಚ್ಚಾಗಿ ತಿಕ್ಕಾಟ ಉಂಟಾಗುವುದು ಗೋಪ್ಯತೆಯ ವಿಷಯದಲ್ಲಿ. "ನಮ್ಮ ವಾರ್ಡಿನ ಹೆಣ್ಣುಮಗಳು, ಏನು ಹೇಳಿದಳು ತಿಳಿಸಿ" ಎಂದು ಸದಸ್ಯರು ಕಾಳಜಿಯಿಂದಲೇ ಕೇಳಬಹುದು. ಆದರೂ ಸಮಾಲೋಚಕರು ಉತ್ತರಿಸುವಂತಿಲ್ಲ. ಒಮ್ಮೆ ಮಾತು ಹೊರಬಿದ್ದರೆ ಆ ಊರಿನಿಂದ ಮತ್ತೊಬ್ಬರು ಬಾಯಿ ಬಿಡುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 23ನೇ ಪ್ರಕರಣವು ಸೇವೆ ನೀಡುವ ವೃತ್ತಿಪರರ ಮೇಲೆ ಗೋಪ್ಯತೆಯ ಕರ್ತವ್ಯವನ್ನು ವಿಧಿಸಿದೆ. ಜೀವಕ್ಕೆ ಅಪಾಯ, ಇತರರಿಗೆ ಹಾನಿಯ ಸಂಭವ, ನ್ಯಾಯಾಲಯದ ಆದೇಶ ಮುಂತಾದ ಕೆಲವು ವಿನಾಯಿತಿಗಳು ಮಾತ್ರ ಇವೆ. ಮಗುವಿನ ಮೇಲಿನ ಲೈಂಗಿಕ ಅಪರಾಧದಲ್ಲಿ ಸ್ಥಿತಿ ತಿರುಗುಮುರುಗಾಗುತ್ತದೆ. ಪೋಕ್ಸೊ ಅಧಿನಿಯಮ, 2012ರ 19ನೇ ಪ್ರಕರಣದಂತೆ, ವಿಷಯ ತಿಳಿದ ಯಾರೇ ಆಗಲಿ, ಸಮಾಲೋಚಕರಾಗಲಿ ಸದಸ್ಯರಾಗಲಿ, ಪೊಲೀಸರಿಗೆ ತಿಳಿಸಲೇಬೇಕು. ಊರಿನ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವುದು ಶಿಕ್ಷಾರ್ಹ.

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಕುಟುಂಬಗಳು ಕೇಸಿನ ಭಯದಿಂದ ವಿಷಯವನ್ನು ಮುಚ್ಚಿಡುವುದುಂಟು. 2017ರ ಅಧಿನಿಯಮದ 115ನೇ ಪ್ರಕರಣದ ಮೇರೆಗೆ, ವ್ಯತಿರಿಕ್ತವಾಗಿ ಸಾಬೀತಾಗದ ಹೊರತು, ಅಂಥ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದು. ಆರೈಕೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಸದಸ್ಯರು ಈ ಒಂದು ಸಂಗತಿಯನ್ನು ಮನೆಯವರಿಗೆ ತಿಳಿಸಿದರೂ ಚಿಕಿತ್ಸೆಯ ದಾರಿ ತೆರೆಯುತ್ತದೆ.

ತನ್ನ ಸಾಮರ್ಥ್ಯದ ಮಿತಿಯನ್ನು ಅರಿತಿರುವುದೂ ತರಬೇತಿಯ ಭಾಗ. ಸಮಾಲೋಚಕರು ಔಷಧಿ ಬರೆಯುವುದಿಲ್ಲ. ಅಗತ್ಯವಿದ್ದಲ್ಲಿ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಉಚಿತ ನೆರವು ದೊರೆಯುತ್ತದೆ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098.

ಪಂಚಾಯತಿ ಕಟ್ಟಡದಲ್ಲಿ ಸಮಾಲೋಚನೆ ಏರ್ಪಡಿಸುವುದಾದರೆ ಬಾಗಿಲು ಹಾಕಬಹುದಾದ ಪ್ರತ್ಯೇಕ ಕೊಠಡಿ ಒದಗಿಸುವುದು. ಗ್ರಾಮಸಭೆಯ ದಿನ ಬೇಡ. ಬಂದವರ ಹೆಸರನ್ನು ಕಚೇರಿಯ ಸಂದರ್ಶಕರ ವಹಿಯಲ್ಲಿ ಬರೆಸಬಾರದು, ಛಾಯಾಚಿತ್ರ ತೆಗೆಯಬಾರದು. ಪ್ರಗತಿ ವರದಿಗೆ ಸಂಖ್ಯೆಯಷ್ಟೇ ಸಾಕು.