ವಿಕಲಚೇತನರು ಒಡನಾಟಕ್ಕಾಗಿ ಬೆಕ್ಕನ್ನು ದತ್ತು ಪಡೆಯುವ ಕುರಿತು ಸಾರ್ವಜನಿಕ ಮಾಹಿತಿ

ವಿಕಲಚೇತನರಲ್ಲಿ ಹಲವರು ದಿನದ ಬಹುಭಾಗವನ್ನು ಮನೆಯೊಳಗೆ ಒಬ್ಬರೇ ಕಳೆಯಬೇಕಾಗುತ್ತದೆ. ಒಡನಾಟಕ್ಕಾಗಿ ಪ್ರಾಣಿಯೊಂದನ್ನು ಸಾಕಬಯಸುವ ಇಂತಹವರಿಗೆ ಬೆಕ್ಕು ಅನುಕೂಲಕರವಾಗಿದೆ. ನಾಯಿಯಂತೆ ಅದನ್ನು ಪ್ರತಿದಿನ ಹೊರಗೆ ಕರೆದೊಯ್ಯಬೇಕಾಗಿಲ್ಲ. ಆದರೆ "ನಿಮ್ಮನ್ನು ನೋಡಿಕೊಳ್ಳುವುದೇ ಕಷ್ಟ, ಇನ್ನು ಬೆಕ್ಕು ಏಕೆ?" ಎಂಬ ಮಾತಿಗೆ ಅಂಜಿ ಕೆಲವರು ಅಪೇಕ್ಷೆಯನ್ನೇ ಕೈಬಿಡುತ್ತಾರೆ. ಮತ್ತೆ ಕೆಲವರು ಪೂರ್ವಸಿದ್ಧತೆಯಿಲ್ಲದೆ ಮರಿಯನ್ನು ತಂದು ನಂತರ ತೊಂದರೆಗೆ ಒಳಗಾಗುತ್ತಾರೆ. ಆಸಕ್ತರು ಸೂಕ್ತ ತೀರ್ಮಾನ ಕೈಗೊಳ್ಳಲು ಅನುವಾಗುವಂತೆ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಅರ್ಹತೆ

ಅಂಗವಿಕಲತೆಯು ಬೆಕ್ಕನ್ನು ಸಾಕಲು ಅನರ್ಹತೆಯಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಲಾಗಿದ್ದು, ಸಮಾನತೆ ಮತ್ತು ಘನತೆಯಿಂದ ಬಾಳುವ ಹಕ್ಕನ್ನು ಅದರ 3ನೇ ಪ್ರಕರಣವು ನೀಡುತ್ತದೆ. ಆದುದರಿಂದ ಬೆಕ್ಕು ಬೇಕೇ ಬೇಡವೇ ಎಂಬುದನ್ನು ಮೊದಲು ಕೇಳಬೇಕಾದುದು ಅದರೊಡನೆ ದಿನ ಕಳೆಯಲಿರುವ ವ್ಯಕ್ತಿಯನ್ನೇ. ಅವರ ಇಚ್ಛೆಯನ್ನು ತಿಳಿಯದೆ ಕುಟುಂಬದವರು ಮರಿಯನ್ನು ಉಡುಗೊರೆಯಾಗಿ ತರುವುದು ಸೂಕ್ತವಲ್ಲ.

ಬೆಕ್ಕು ಒಡನಾಡಿಯೇ ಹೊರತು ಚಿಕಿತ್ಸೆಯಲ್ಲ. ತರಬೇತಿ ಪಡೆದ ಮಾರ್ಗದರ್ಶಿ ನಾಯಿಗೆ ಬದಲಿಯೂ ಅಲ್ಲ. ಬೆಕ್ಕು ಮನೆಗೆ ಬಂದಿತೆಂಬ ಕಾರಣಕ್ಕೆ ವೈದ್ಯರು ಸೂಚಿಸಿದ ಔಷಧಿಯನ್ನಾಗಲೀ ವ್ಯಾಯಾಮವನ್ನಾಗಲೀ ನಿಲ್ಲಿಸತಕ್ಕದ್ದಲ್ಲ.

2. ಮರಿಯೋ, ಬೆಳೆದ ಬೆಕ್ಕೋ?

ಮನೆಯೊಳಗೆ ಸಾಕಿದ ಬೆಕ್ಕು 12ರಿಂದ 18 ವರ್ಷ ಬದುಕಬಲ್ಲದು. ಮರಿಗಳು ಓಡುವ ಕಾಲಿಗೆ ಅಡ್ಡ ಬರುತ್ತವೆ, ಆಟದ ಭರದಲ್ಲಿ ಕಚ್ಚುತ್ತವೆ, ಪರಚುತ್ತವೆ. ಎರಡು ವರ್ಷ ಮೀರಿದ ಬೆಕ್ಕಿನ ಸ್ವಭಾವ ಈಗಾಗಲೇ ರೂಪುಗೊಂಡಿರುವುದರಿಂದ ಅದು ಶಾಂತವೇ, ಮಡಿಲಲ್ಲಿ ಕೂರುತ್ತದೆಯೇ, ಗಾಲಿಕುರ್ಚಿಯ ಸದ್ದಿಗೆ ಬೆದರುತ್ತದೆಯೇ ಎಂಬುದನ್ನು ಮೊದಲೇ ನೋಡಿ ತಿಳಿಯಬಹುದು. ಚಲನೆಗೆ ತೊಂದರೆಯಿರುವವರಿಗೆ ಬೆಳೆದ ಬೆಕ್ಕೇ ಹೆಚ್ಚು ಸೂಕ್ತ. ಪ್ರಾಣಿ ಕಲ್ಯಾಣ ಸಂಸ್ಥೆಯಿಂದ ಪಡೆಯುವುದಾದರೆ, ಕೆಲವು ವಾರ ಮನೆಯಲ್ಲಿಟ್ಟುಕೊಂಡು ಹೊಂದಾಣಿಕೆಯಾದ ನಂತರ ದತ್ತು ಪಡೆಯುವ ಅವಕಾಶವಿದೆಯೇ ಎಂದು ವಿಚಾರಿಸುವುದು ಒಳಿತು.

3. ಅಂಗವಿಕಲತೆಗೆ ಅನುಗುಣವಾದ ಏರ್ಪಾಡುಗಳು

ಅ) ಗಾಲಿಕುರ್ಚಿ ಬಳಸುವವರು: ಬೆಕ್ಕಿನ ಮಲಮೂತ್ರದ ಮರಳಿನ ತಟ್ಟೆಯನ್ನು ನೆಲದ ಮೇಲಿಡುವ ಬದಲು ಅಲುಗಾಡದ ತಗ್ಗು ಬೆಂಚಿನ ಮೇಲಿಟ್ಟಲ್ಲಿ ಬಾಗದೆಯೇ ಶುಚಿಗೊಳಿಸಬಹುದು. ಆರೋಗ್ಯವಂತ ಬೆಕ್ಕು ಅಷ್ಟು ಎತ್ತರಕ್ಕೆ ಸುಲಭವಾಗಿ ಹಾರುತ್ತದೆ. ಮರಳನ್ನು ಸಣ್ಣ ಚೀಲಗಳಲ್ಲಿ ಖರೀದಿಸುವುದು ಸೂಕ್ತ. ಕುರ್ಚಿಯನ್ನು ಚಲಿಸುವ ಮುನ್ನ ಗಾಲಿಯ ಬಳಿ ಬೆಕ್ಕು ಮಲಗಿದೆಯೇ ಎಂದು ನೋಡುವ ಅಭ್ಯಾಸ ಅತ್ಯಗತ್ಯ.

ಆ) ದೃಷ್ಟಿದೋಷವುಳ್ಳವರು: ಬೆಕ್ಕಿನ ಕೊರಳಿಗೆ ಗೆಜ್ಜೆಯಿರುವ ಪಟ್ಟಿಯನ್ನು ಕಟ್ಟಬೇಕು. ಪಟ್ಟಿಯು ಎಲ್ಲಿಯಾದರೂ ಸಿಕ್ಕಿಕೊಂಡಾಗ ತಾನೇ ಬಿಚ್ಚಿಕೊಳ್ಳುವಂತಿರಬೇಕು. ಅಲ್ಪದೃಷ್ಟಿಯುಳ್ಳವರು ನೆಲದ ಬಣ್ಣಕ್ಕೆ ಎದ್ದು ಕಾಣುವ ಬೆಕ್ಕನ್ನು ಆರಿಸಿಕೊಳ್ಳಬಹುದು: ಕಾವಿ ನೆಲಕ್ಕೆ ಬಿಳಿಯದು, ಬಿಳಿ ಟೈಲ್ಸ್ ನೆಲಕ್ಕೆ ಕಪ್ಪನೆಯದು.

ಇ) ಶ್ರವಣದೋಷವುಳ್ಳವರು: ನೋವಿನಿಂದ ಬೆಕ್ಕು ಕೂಗಿದರೂ ತಿಳಿಯದಿರುವ ಸಂಭವವಿರುವುದರಿಂದ ಮರಳಿನ ತಟ್ಟೆಯನ್ನು ದಿನಕ್ಕೆರಡು ಬಾರಿ ಗಮನಿಸಬೇಕು. ಗಂಡು ಬೆಕ್ಕು ಪದೇ ಪದೇ ತಟ್ಟೆಗೆ ಹೋಗಿ ಮುಕ್ಕಿದರೂ ಮೂತ್ರ ಬಾರದಿದ್ದಲ್ಲಿ ಅದು ತುರ್ತುಸ್ಥಿತಿ. ಅದೇ ದಿನ ಚಿಕಿತ್ಸೆ ದೊರೆಯದಿದ್ದರೆ ಜೀವಾಪಾಯವಾಗಬಹುದು.

ಈ) ಸ್ಪರ್ಶಜ್ಞಾನ ಕಡಿಮೆಯಿರುವವರು: ಬೆನ್ನುಹುರಿಯ ಅಪಘಾತಕ್ಕೆ ಒಳಗಾದವರು ಹಾಗೂ ಕುಷ್ಠರೋಗದಿಂದ ಗುಣಮುಖರಾದವರಿಗೆ ಪರಚಿದ ಗಾಯ ಅರಿವಿಗೆ ಬಾರದೆ ಹುಣ್ಣಾಗಬಹುದು. ಆದ್ದರಿಂದ ಪ್ರತಿ ಸಂಜೆ ಕೈಕಾಲುಗಳನ್ನು ಕಣ್ಣಿನಿಂದ ಪರಿಶೀಲಿಸಬೇಕು.

ಉ) ಹಿಮೋಫಿಲಿಯಾ ಅಥವಾ ಸಿಕಲ್ ಸೆಲ್ ಕಾಯಿಲೆ ಇರುವವರು ಹಾಗೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಸೇವಿಸುತ್ತಿರುವವರು: ಇವರು ಬೆಕ್ಕನ್ನು ತರುವ ಮುನ್ನ ತಮಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆ ಪಡೆಯತಕ್ಕದ್ದು. ಬೆಕ್ಕಿನ ಮಲದ ಮೂಲಕ ಟಾಕ್ಸೊಪ್ಲಾಸ್ಮಾ ಸೋಂಕು ಹರಡಬಹುದು. ಮಲದಲ್ಲಿ ಹೊರಬಿದ್ದ ರೋಗಾಣು ಸೋಂಕುಕಾರಕವಾಗಲು 1ರಿಂದ 5 ದಿನ ಹಿಡಿಯುವುದರಿಂದ ತಟ್ಟೆಯನ್ನು ಪ್ರತಿದಿನವೂ ಶುಚಿಗೊಳಿಸಬೇಕು. ಆ ಕೆಲಸವನ್ನು ಬೇರೊಬ್ಬರು ನಿರ್ವಹಿಸುವುದು ಕ್ಷೇಮ. ಗರ್ಭಿಣಿಯರಿಗೂ ಇದು ಅನ್ವಯಿಸುತ್ತದೆ.

4. ಆಹಾರ ಮತ್ತು ಆರೋಗ್ಯ

ಬೆಕ್ಕು ಮೂಲತಃ ಮಾಂಸಾಹಾರಿ ಪ್ರಾಣಿ. ಹಾಲನ್ನ, ಮೊಸರನ್ನ ಮಾತ್ರ ಹಾಕಿ ಸಾಕಿದಲ್ಲಿ ಟಾರಿನ್ ಎಂಬ ಪೋಷಕಾಂಶದ ಕೊರತೆಯಿಂದ ಅದರ ದೃಷ್ಟಿ ಮತ್ತು ಹೃದಯಕ್ಕೆ ಹಾನಿಯಾಗುತ್ತದೆ. ಸಸ್ಯಾಹಾರಿ ಕುಟುಂಬದವರು ಬೆಕ್ಕಿಗೆಂದೇ ತಯಾರಿಸಿದ ಸಿದ್ಧ ಆಹಾರವನ್ನು ಮನೆಯಲ್ಲಿ ಇರಿಸಲು ಒಪ್ಪಿಗೆಯಿದೆಯೇ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷಕಾರಿ. ಪ್ಯಾರಾಸಿಟಮಾಲ್‌ನ ಒಂದು ಮಾತ್ರೆಯೂ ಪ್ರಾಣಾಂತಿಕವಾಗಬಹುದಾದ್ದರಿಂದ ನಿತ್ಯ ಸೇವಿಸುವ ಮಾತ್ರೆಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಇರಿಸಬೇಕು.

ಮರಿಗೆ 6ರಿಂದ 8 ವಾರಗಳಾದಾಗ ಲಸಿಕೆ ಪ್ರಾರಂಭಿಸಿ, ಪಶುವೈದ್ಯರು ಸೂಚಿಸುವ ಅಂತರದಲ್ಲಿ ಮುಂದುವರಿಸಬೇಕು. ರೇಬಿಸ್ ಲಸಿಕೆಯನ್ನು ಸಾಮಾನ್ಯವಾಗಿ 12 ವಾರಗಳ ನಂತರ ಹಾಕಿಸಲಾಗುತ್ತದೆ. ಸುಮಾರು ಐದಾರು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಅವಶ್ಯಕ. ಬೀದಿಯಿಂದ ತಂದ ಬೆಕ್ಕನ್ನು ಮೊದಲು ಪಶುವೈದ್ಯರಿಗೆ ತೋರಿಸತಕ್ಕದ್ದು.

ಬೆಕ್ಕು ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ತೆರಳಬೇಕು. ಗಾಯಕ್ಕೆ ಅರಿಶಿನ, ಸುಣ್ಣ ಅಥವಾ ಕಾಫಿಪುಡಿ ಹಚ್ಚಬಾರದು.

5. ಪರ್ಯಾಯ ಪಾಲಕರು

ಇದು ಅತಿ ಮುಖ್ಯವಾದ ಅಂಶ. ಶಸ್ತ್ರಚಿಕಿತ್ಸೆಗಾಗಿ ಅಥವಾ ಹಠಾತ್ ಅನಾರೋಗ್ಯದಿಂದ ಆಸ್ಪತ್ರೆಗೆ ದಾಖಲಾದಾಗ ಬೆಕ್ಕು ಮನೆಯೊಳಗೆ ಸಿಕ್ಕಿಕೊಂಡು ಅನ್ನ ನೀರಿಲ್ಲದೆ ಉಳಿಯುವ ಸಂಭವವಿದೆ. ಬೆಕ್ಕಿನ ಚಿಂತೆಯಿಂದ ತಾವೇ ದಾಖಲಾಗಲು ಹಿಂಜರಿಯುವ ಸಂದರ್ಭವೂ ಒದಗಬಹುದು. ಎರಡನ್ನೂ ತಪ್ಪಿಸಲು ಬೆಕ್ಕನ್ನು ತರುವ ಮುನ್ನವೇ ಮನೆಯ ಕೀಲಿ ಕೊಡಬಹುದಾದ ನೆರೆಯವರು ಅಥವಾ ಬಂಧುಗಳಲ್ಲಿ ಒಬ್ಬರನ್ನು ಒಪ್ಪಿಸಿಕೊಳ್ಳಬೇಕು. ಅವರ ಹೆಸರು, ದೂರವಾಣಿ ಸಂಖ್ಯೆ, ಬೆಕ್ಕಿನ ಆಹಾರ ಮತ್ತು ಪಶುವೈದ್ಯರ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಬಾಗಿಲ ಒಳಬದಿಯಲ್ಲಿ ಅಂಟಿಸಬೇಕು. "ಮನೆಯಲ್ಲಿ ಬೆಕ್ಕು ಇದೆ" ಎಂಬ ಒಕ್ಕಣೆಯೊಂದಿಗೆ ಅದೇ ದೂರವಾಣಿ ಸಂಖ್ಯೆಯನ್ನು ಬರೆದ ಇನ್ನೊಂದು ಚೀಟಿಯನ್ನು ಗುರುತಿನ ಚೀಟಿಯೊಡನೆ ಇಟ್ಟುಕೊಳ್ಳಬೇಕು. ಇಂತಹ ಒಬ್ಬರು ದೊರೆಯುವವರೆಗೆ ದತ್ತು ಪಡೆಯುವುದನ್ನು ಮುಂದೂಡುವುದು ಉಚಿತ.

ಸಮಂಜಸ ಕಾರಣವಿಲ್ಲದೆ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೇ ಪ್ರಕರಣದಡಿ ಅಪರಾಧವಾಗಿದೆ. ಸಾಕಲು ಸಾಧ್ಯವಾಗದ ಪರಿಸ್ಥಿತಿ ಬಂದಲ್ಲಿ ನಾಚಿಕೆಪಡದೆ ಬೆಕ್ಕನ್ನು ನೀಡಿದವರಿಗೆ ತಿಳಿಸಿ, ಬೇರೊಂದು ಮನೆ ಹುಡುಕಬೇಕು.

6. ದತ್ತು ಪಡೆಯುವ ವಿಧಾನ

ಪ್ರಾಣಿ ಕಲ್ಯಾಣ ಸಂಸ್ಥೆಗಳು ಸಾಮಾನ್ಯವಾಗಿ ಗುರುತಿನ ಮತ್ತು ವಿಳಾಸದ ದಾಖಲೆ, ಮನೆಯವರೆಲ್ಲರ ಒಪ್ಪಿಗೆ ಹಾಗೂ ಬಾಡಿಗೆ ಮನೆಯಾದಲ್ಲಿ ಮಾಲೀಕರ ಸಮ್ಮತಿಯನ್ನು ಕೇಳುತ್ತವೆ. ಮಹಡಿಯ ಮನೆಯಾದಲ್ಲಿ ಕಿಟಕಿ ಮತ್ತು ಬಾಲ್ಕನಿಗೆ ಬಲೆ ಹಾಕಿಸಿರಬೇಕು. ಸಂಸ್ಥೆಯವರು ಅಂಗವಿಕಲತೆಯ ಬಗ್ಗೆ ಪ್ರಶ್ನಿಸಿದಲ್ಲಿ ಮರಳಿನ ತಟ್ಟೆ, ಆಹಾರ, ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆ ಮತ್ತು ಪರ್ಯಾಯ ಪಾಲಕರು, ಈ ನಾಲ್ಕು ಏರ್ಪಾಡುಗಳನ್ನು ವಿವರಿಸುವುದೇ ಸಮರ್ಪಕ ಉತ್ತರ. ಸ್ಥಳೀಯ ಸಂಸ್ಥೆಯಲ್ಲಿ ಸಾಕುಪ್ರಾಣಿಗಳ ನೋಂದಣಿಯ ನಿಯಮಗಳಿದ್ದಲ್ಲಿ ವಿಚಾರಿಸಿ ಪಾಲಿಸತಕ್ಕದ್ದು.

ಬೆಕ್ಕಿನ ಲಸಿಕೆ ಹಾಗೂ ಚಿಕಿತ್ಸೆಗಾಗಿ ಸಮೀಪದ ಪಶು ಆಸ್ಪತ್ರೆಯನ್ನು, ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೂ ಸಂಪರ್ಕಿಸಬಹುದಾಗಿದೆ. ಬೆಕ್ಕನ್ನು ಮುಚ್ಚಳವಿರುವ ಬುಟ್ಟಿಯಲ್ಲಿಯೇ ಕೊಂಡೊಯ್ಯಬೇಕು. ಓಡಾಟಕ್ಕೆ ನೆರವು ಬೇಕಾದ ಗ್ರಾಮೀಣ ಪ್ರದೇಶದ ವಿಕಲಚೇತನರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಡನೆ ಸಮಾಲೋಚಿಸಬಹುದು.